ಥಾರ್ವಾದ ಮರದ ಸೇತುವೆ 1895ರಿಂದ ನಿಂತಿರುವುದು ಹೇಗೆ? ಅಂಥದ್ದು ನಮ್ಮ ಹಳ್ಳದ ಮೇಲೆ ನಿಂತೀತೇ?

ಪ್ರಶ್ನೆ: ಬಿದನೂರು ಸೀಮೆಯವ (ಹೊಸನಗರ ತಾಲ್ಲೂಕು)

ಸದಸ್ಯರೆಲ್ಲರಿಗೂ ನಮಸ್ಕಾರಗಳು.

ಮಗಳು ಮತ್ತು ಅಳಿಯ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನೆಲೆಸಿರುವುದರಿಂದ, ಅಡಿಕೆ ಕೊಯ್ಲು ಮುಗಿದು ತೋಟದಲ್ಲಿ ಸ್ವಲ್ಪ ಬಿಡುವಾದ ಮೇಲೆ ನಾನೂ ನನ್ನ ಮನೆಯವರೂ ಎರಡು ತಿಂಗಳು ಅಲ್ಲಿದ್ದು ಬಂದೆವು. ಒಂದು ಭಾನುವಾರ ಅಳಿಯಂದಿರು ನಮ್ಮನ್ನು ಊರಿನ ದಕ್ಷಿಣಕ್ಕಿರುವ ಥಾರ್ವಾ ಎಂಬ ಸಣ್ಣ ಹಳ್ಳಿಗೆ ಕರೆದೊಯ್ದರು. ಅಲ್ಲಿ ಮುರ್ರಂಬಿಜಿ ನದಿಯನ್ನು ದಾಟುವುದು ಬಿಳಿ ಬಣ್ಣ ಬಳಿದ ಮರದ ಸೇತುವೆಯ ಮೇಲೆ. ದಾರಿಯ ಎರಡೂ ಬದಿಗೆ ಆಳೆತ್ತರಕ್ಕಿಂತ ಹೆಚ್ಚಾಗಿ ಮರದ ತೊಲೆಗಳು ಓರೆಯಾಗಿ ಒಂದಕ್ಕೊಂದು ಆತುಕೊಂಡು ನಿಂತಿವೆ; ನಡುನಡುವೆ ಕಬ್ಬಿಣದ ಸರಳುಗಳು ನೆಟ್ಟಗೆ ಇಳಿದಿವೆ. 1895ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಮೇಲೆ ಇಂದಿಗೂ ಕಾರುಗಳು ಓಡಾಡುತ್ತವೆ. ನಾವು ದಡದಲ್ಲಿ ನಿಂತಿದ್ದಾಗ ಕುದುರೆ ಸಾಗಿಸುವ ಗಾಡಿಯೊಂದು ಅದರ ಮೇಲೆ ಹಾದುಹೋಯಿತು. ಹಲಗೆಗಳು ಗಡಗಡ ಸದ್ದು ಮಾಡಿದವೇ ಹೊರತು ಸೇತುವೆ ಕಣ್ಣಿಗೆ ಕಾಣುವಷ್ಟು ಅಲುಗಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿರುವುದು ನಮ್ಮ ಮನೆಗೂ ತೋಟಕ್ಕೂ ನಡುವೆ ಹರಿಯುವ ಹಳ್ಳ. ಅದಕ್ಕೆ ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುನ್ನ ಅಡಿಕೆ ದಬ್ಬೆ, ಬಿದಿರು ಮತ್ತು ಕಾಡುಮರಗಳಿಂದ ಸಂಕ ಹಾಕುತ್ತೇವೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಅದು ಪಾಚಿ ಕಟ್ಟಿ ಜಾರತೊಡಗುತ್ತದೆ, ಕೆಲವು ವರ್ಷ ಕೊಚ್ಚಿಕೊಂಡೇ ಹೋಗುತ್ತದೆ. ನನ್ನ ತಂದೆಯವರ ಕಾಲದಲ್ಲಿ ಎತ್ತಿನ ಗಾಡಿ ಹೋಗುವಷ್ಟು ಗಟ್ಟಿಯಾದ ಮರದ ಸೇತುವೆ ಇದೇ ಜಾಗದಲ್ಲಿ ಇತ್ತಂತೆ. ನಾನು ಕಂಡಿರುವುದು ಅದರ ಕಲ್ಲಿನ ಕಟ್ಟೆಯನ್ನು ಮಾತ್ರ.

ತಿಳಿದವರಲ್ಲಿ ನನ್ನ ಕೇಳಿಕೆ ಇಷ್ಟು. ಬರಿಯ ಮರದ ತುಂಡುಗಳನ್ನು ಜೋಡಿಸಿದ ಸೇತುವೆ ಅಷ್ಟು ದೂರದ ಅಂತರವನ್ನು ಹಾರಿ ಅಷ್ಟು ಭಾರವನ್ನು ಹೊರುವುದು ಹೇಗೆ? ಥಾರ್ವಾದ ಸೇತುವೆಯ ಹೆಚ್ಚಿನ ಮರಗಳನ್ನು ಕಾಲಕಾಲಕ್ಕೆ ಬದಲಾಯಿಸಿದ್ದಾರೆ ಎಂದು ಅಳಿಯಂದಿರು ಹೇಳಿದರು. ಹಾಗಿದ್ದರೆ ಅದನ್ನು 1895ರ ಸೇತುವೆ ಎಂದು ಕರೆಯುವುದು ಸರಿಯೇ? ಮತ್ತು ಮುಖ್ಯವಾಗಿ, ಮಲೆನಾಡಿನಲ್ಲಿ ಇಷ್ಟೊಂದು ಮರ, ಇಷ್ಟೊಂದು ಬಡಗಿಗಳು ಇದ್ದರೂ ಇಂಥ ಸೇತುವೆಗಳು ನಮ್ಮಲ್ಲಿ ಏಕೆ ಉಳಿಯಲಿಲ್ಲ?

ಉತ್ತರ: ತುಂಗಾತೀರ (ನಿವೃತ್ತ ಅಭಿಯಂತರ, ಶಿವಮೊಗ್ಗ)

ಮಾನ್ಯರೇ, ತಾವು ನೋಡಿ ಬಂದಿರುವುದು ಅಲನ್ ಟ್ರಸ್ ಎಂಬ ಮಾದರಿಯ ಸೇತುವೆ. ಟ್ರಸ್ ಎಂದರೆ ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಕಾಂಕ್ರೀಟ್ ಸೇತುವೆಗಳ ಕೆಲಸವನ್ನೇ ಮಾಡಿದವನು. ಆದರೂ ಮರದ ಟ್ರಸ್‌ಗಳ ಬಗ್ಗೆ ವಿದ್ಯಾರ್ಥಿಯಾಗಿದ್ದಾಗಿನಿಂದ ಪ್ರೀತಿ ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಭಾರ ಹೊರುವ ಬಗೆ. ನಾಲ್ಕು ರೀಪಿನ ತುಂಡುಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿ, ಒಂದು ಮೂಲೆಯನ್ನು ಹಿಡಿದು ತಳ್ಳಿ ನೋಡಿ, ಅದು ಓರೆಯಾಗುತ್ತದೆ. ಅದೇ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಐದನೆಯ ತುಂಡನ್ನು ಹೊಡೆದರೆ ಎಷ್ಟು ತಳ್ಳಿದರೂ ಆಕಾರ ಬದಲಾಗುವುದಿಲ್ಲ, ಏಕೆಂದರೆ ಈಗ ಅಲ್ಲಿರುವುದು ಎರಡು ತ್ರಿಕೋನಗಳು. ತಮ್ಮ ಹೆಂಚಿನ ಮನೆಯ ಮಾಡು ನಿಂತಿರುವುದೂ ಇದೇ ಬಲದ ಮೇಲೆ. ಒಂದೇ ತೊಲೆಯನ್ನು ಅಡ್ಡ ಹಾಕಿದಾಗ ಅದು ಬಾಗುತ್ತದೆ. ಅಂತರ ಹೆಚ್ಚಾದಂತೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಟ್ರಸ್‌ನಲ್ಲಿ ಆ ಬಾಗುವಿಕೆ ಬಿಡಿ ತುಂಡುಗಳ ಮೇಲೆ ಬರಿಯ ಒತ್ತಡವಾಗಿ ಅಥವಾ ಬರಿಯ ಎಳೆತವಾಗಿ ಹಂಚಿಹೋಗುತ್ತದೆ. ಥಾರ್ವಾದಲ್ಲಿ ಅಂಥ ನಾಲ್ಕು ಅಂಕಣಗಳಿದ್ದು, ಒಂದೊಂದೂ ಸುಮಾರು 90 ಅಡಿ ಅಂತರವನ್ನು ದಾಟುತ್ತದೆ.

ಮರವು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ತಡೆಯುವ ಶಕ್ತಿಯೂ ಅದರ ನಾರಿಗೆ ಇದೆ, ಆದರೆ ಎಳೆಯುವ ಮರವನ್ನು ಇನ್ನೊಂದು ಮರಕ್ಕೆ ಕಟ್ಟಿಹಾಕುವುದೇ ಕಷ್ಟ. ತೂತು ಕೊರೆದು ಬೋಲ್ಟು ಹಾಕಿದ ಜಾಗದಲ್ಲಿ ಅದು ಸೀಳುತ್ತದೆ. ಈ ಕಾರಣದಿಂದಲೇ ಅಮೆರಿಕದ ವಿಲಿಯಂ ಹೋವ್ 1840ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಲ್ಲಿ ಓರೆಯ ತೊಲೆಗಳಿಗೆ ಒತ್ತಡವನ್ನೂ, ನೆಟ್ಟಗಿನ ಕಬ್ಬಿಣದ ಸರಳುಗಳಿಗೆ ಎಳೆತವನ್ನೂ ವಹಿಸಿದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಅಭಿಯಂತರರಾಗಿದ್ದ ಪರ್ಸಿ ಅಲನ್ 1893ರ ಸುಮಾರಿಗೆ ತಮ್ಮ ಟ್ರಸ್ಸನ್ನು ಇದೇ ತತ್ತ್ವದ ಮೇಲೆ ರೂಪಿಸಿದರು. ತಾವು ಕಂಡ ಸರಳುಗಳು ಸೇತುವೆಯ ಕೆಳಭಾಗವನ್ನು ಮೇಲಿನಿಂದ ತೂಗಿ ಹಿಡಿದಿರುವ ತಂತುಗಳೆಂದು ತಿಳಿಯಿರಿ. ಅವುಗಳ ತುದಿಯಲ್ಲಿರುವ ನಟ್ಟುಗಳನ್ನು ಬಿಗಿ ಮಾಡುತ್ತ ಹೋದರೆ, ಮರ ಒಣಗಿ ಕುಗ್ಗಿದಾಗ ಸಡಿಲವಾದ ಕಟ್ಟು ಮತ್ತೆ ಬಿಗಿಯಾಗುತ್ತದೆ.

ಆ ಪ್ರಾಂತ್ಯದಲ್ಲಿ 1861ರಿಂದ 1936ರವರೆಗೆ ಇಂಥ 400ಕ್ಕೂ ಹೆಚ್ಚು ರಸ್ತೆ ಸೇತುವೆಗಳನ್ನು ಮರದಿಂದ ಕಟ್ಟಿದರು. ಆಗ ಕಬ್ಬಿಣವು ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕಾಗಿತ್ತು, ಬೆಲೆ ದುಬಾರಿ; ಆದರೆ ಐರನ್‌ಬಾರ್ಕ್ ಎಂಬ ಮರ ಕಾಡಿನಲ್ಲಿ ಹೇರಳವಾಗಿತ್ತು. ಮಲೆನಾಡಿನವರಿಗೆ ಇಲ್ಲಿ ಒಂದು ವಿಷಯ ಅಚ್ಚರಿಯೆನಿಸಬಹುದು. ನೀರಿನಲ್ಲಿ ಮುಳುಗುವಷ್ಟು ತೂಕದ, ಗೆದ್ದಲಿಗೆ ಸುಲಭವಾಗಿ ಬಗ್ಗದ ಈ ಮರ ನಾವು ದೂರುವ ನೀಲಗಿರಿಯ ಕುಲಕ್ಕೇ ಸೇರಿದ್ದು. ನಮ್ಮ ನೆಡುತೋಪುಗಳ ನೀಲಗಿರಿ ಬೇರೆ ಜಾತಿಯದು, ಅದನ್ನು ಕಾಗದದ ತಿರುಳಿಗಾಗಿ ಎಳೆಯದಾಗಿಯೇ ಕಡಿಯುತ್ತಾರೆ. ಅದನ್ನು ನೋಡಿ ಐರನ್‌ಬಾರ್ಕನ್ನು ಅಳೆಯಬಾರದು.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲನ್ ಅವರ ವಿನ್ಯಾಸದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಅವರಿಗಿಂತ ಹಿಂದಿನ ಮಾದರಿಗಳಲ್ಲಿ ಟ್ರಸ್‌ನ ಒಂದೊಂದು ಬಿಡಿಭಾಗವೂ ಬಹಳ ಉದ್ದದ, ಬಹಳ ದಪ್ಪದ ಒಂದೇ ಮರವಾಗಿರುತ್ತಿತ್ತು. ಅದು ಒಳಗೊಳಗೆ ಕೊಳೆತರೆ ಅಂಥದೇ ಇನ್ನೊಂದು ಮರವನ್ನು ಹುಡುಕುವುದೂ ಕಷ್ಟ, ಸೇತುವೆಯನ್ನು ಬಿಚ್ಚದೆ ಅದನ್ನು ಹೊರತೆಗೆಯುವುದೂ ಕಷ್ಟ. ಅಲನ್ ಅದರ ಬದಲು ಸುಲಭವಾಗಿ ಸಿಗುವ ಅಳತೆಯ ಮರಗಳನ್ನು ಜೋಡಿಜೋಡಿಯಾಗಿ, ನಡುವೆ ಸಂದು ಬಿಟ್ಟು ಇರಿಸಿದರು. ಸಂದಿನಲ್ಲಿ ಗಾಳಿಯಾಡುತ್ತದೆ, ಬಣ್ಣದ ಕುಂಚ ಒಳಗೆ ಹೋಗುತ್ತದೆ, ಒಂದು ಮರ ಹಾಳಾದರೆ ಅದನ್ನಷ್ಟೇ ಬಿಡಿಸಿ ಹೊಸದನ್ನು ಕೂರಿಸಬಹುದು. ಅಂದರೆ ಮರ ಬದಲಾಯಿಸುವುದು ಆ ಸೇತುವೆಗೆ ಬಂದೊದಗಿದ ದುರ್ಗತಿಯಲ್ಲ. ಕಟ್ಟುವ ದಿನವೇ ಅದನ್ನು ಎಣಿಸಿ ಅದಕ್ಕೆ ಜಾಗ ಬಿಟ್ಟು ಕಟ್ಟಿದ್ದಾರೆ. ಆದರೂ ಕೆಳಗಿನ ಉದ್ದನೆಯ ತೊಲೆ ಎಳೆತಕ್ಕೆ ಸಿಲುಕುವುದರಿಂದ ಅದೇ ಎಲ್ಲಕ್ಕಿಂತ ತೊಂದರೆ ಕೊಡುವ ಭಾಗವಾಗಿ ಉಳಿಯಿತು. ಮುಂದೆ ಅರ್ನೆಸ್ಟ್ ಡಿ ಬರ್ಗ್, ಆನಂತರ ಹಾರ್ವಿ ಡೇರ್ ತಮ್ಮ ಮಾದರಿಗಳಲ್ಲಿ ಆ ಒಂದು ಭಾಗವನ್ನು ಉಕ್ಕಿನಿಂದ ಮಾಡಿದರು.

ಥಾರ್ವಾ ಸೇತುವೆಯೂ ಸುಖವಾಗಿ ಉಳಿದುಬಂದದ್ದಲ್ಲ. ಮರಗಳು ಶಿಥಿಲಗೊಂಡದ್ದರಿಂದ 2006ರಲ್ಲಿ ಅದನ್ನು ಮುಚ್ಚಿದರು, ಪಕ್ಕದಲ್ಲಿ ಕಾಂಕ್ರೀಟ್ ಸೇತುವೆ ಕಟ್ಟುವ ಆಲೋಚನೆಯೂ ನಡೆಯಿತು. ಕೊನೆಗೆ ಹಳೆಯದನ್ನೇ ದುರಸ್ತಿ ಮಾಡುವ ತೀರ್ಮಾನವಾಗಿ, 2011ರಲ್ಲಿ ಜೀರ್ಣೋದ್ಧಾರ ಮುಗಿಯಿತು.

ಉತ್ತರ: ಉಳಿ ಬೈರಿಗೆ (ತೀರ್ಥಹಳ್ಳಿ)

ನಮ್ಮದು ಮೂರು ತಲೆಮಾರಿನಿಂದ ಮರಗೆಲಸ ಮಾಡಿಕೊಂಡು ಬಂದ ಮನೆ. ಅಭಿಯಂತರ ಸಾಹೇಬರು ಭಾರದ ಲೆಕ್ಕವನ್ನು ಸೊಗಸಾಗಿ ತಿಳಿಸಿದ್ದಾರೆ. ನಾನು ನೀರಿನ ಲೆಕ್ಕವನ್ನು ಸೇರಿಸಲು ಇಚ್ಛಿಸುತ್ತೇನೆ, ಏಕೆಂದರೆ ನಾನು ಬಿಚ್ಚಿ ನೋಡಿದ ಹಳೆಯ ಮರಗಳಲ್ಲಿ ಭಾರದಿಂದ ಮುರಿದವು ಕಡಿಮೆ, ನೀರಿನಿಂದ ಕೊಳೆತವೇ ಹೆಚ್ಚು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕ್ಯಾನ್‌ಬೆರಾದಲ್ಲಿ ಬೀಳುವುದು ಸುಮಾರು 600. ಅಲ್ಲಿ ಬಣ್ಣ ಬಳಿದು ಬಯಲಿನಲ್ಲಿ ನಿಲ್ಲಿಸಿದ ಮರ ಉಳಿಯಬಹುದು. ಇಲ್ಲಿ ನಾಲ್ಕು ತಿಂಗಳು ಒಂದು ದಿನವೂ ಒಣಗದ ಮರ ಉಳಿಯುವುದಿಲ್ಲ. ಮಳೆ ಮೇಲಿನಿಂದ ಸುರಿದು ಹರಿದುಹೋದರೆ ಮರಕ್ಕೆ ಅಷ್ಟು ಕೇಡಿಲ್ಲ. ನೀರು ನಿಲ್ಲುವ ಜಾಗಗಳೇ ಅದರ ಶತ್ರು: ತೊಲೆಯ ಕೊಯ್ದ ತುದಿ, ಮರ ಮರಕ್ಕೆ ತಾಗುವ ಸಂದು, ಬೋಲ್ಟಿನ ತೂತು, ಮರ ಮಣ್ಣನ್ನು ಮುಟ್ಟುವ ಬುಡ. ಕೊಯ್ದ ತುದಿಯಲ್ಲಿ ಮರದ ನಾಳಗಳೆಲ್ಲ ಬಾಯಿ ತೆರೆದಿರುವುದರಿಂದ ನೀರನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ನಮ್ಮ ಹಿರಿಯರು ಮನೆಯ ಮಾಡನ್ನು ಗೋಡೆಯಿಂದ ಅಷ್ಟು ಹೊರಗೆ ಚಾಚಿದ್ದು, ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ್ದು ಇದಕ್ಕಾಗಿಯೇ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮರದ ಕಂಬಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ ಬನ್ನಿ.

ಮಳೆ, ಹಿಮ ಹೆಚ್ಚಿರುವ ಅಮೆರಿಕದ ಈಶಾನ್ಯ ಭಾಗದಲ್ಲಿ ಮರದ ಟ್ರಸ್ ಸೇತುವೆಗಳಿಗೆ ಮನೆಯಂತೆಯೇ ಗೋಡೆ ಮತ್ತು ಮಾಡು ಮಾಡಿದ್ದಾರೆ. ಕನೆಕ್ಟಿಕಟ್ ನದಿಯ ಮೇಲೆ ಕಾರ್ನಿಷ್ ಮತ್ತು ವಿಂಡ್ಸರ್ ಊರುಗಳ ನಡುವೆ 1866ರಲ್ಲಿ ಕಟ್ಟಿದ, ಸುಮಾರು 450 ಅಡಿ ಉದ್ದದ ಅಂಥ ಸೇತುವೆಯ ಮೇಲೆ ಈಗಲೂ ವಾಹನಗಳು ಓಡುತ್ತವೆ. ಆ ಮಾಡು ಇರುವುದು ದಾರಿಹೋಕರಿಗಾಗಿ ಎಂದು ಮೊದಲು ನಾನೂ ಎಣಿಸಿದ್ದೆ. ಅದು ಟ್ರಸ್‌ನ ಮರಗಳನ್ನು ಒಣಗಿದ್ದಂತೆ ಇಡುವುದಕ್ಕಾಗಿ. ಮಲೆನಾಡಿನಲ್ಲಿ ಮರದ ಸೇತುವೆ ಕಟ್ಟುವುದಾದರೆ ಅದಕ್ಕೆ ಮಾಡು ಬೇಕೇ ಬೇಕು.

ಮರದ ಆಯ್ಕೆಯ ಬಗ್ಗೆ: ಬೋಗಿ, ಬಲಗಿ, ಜಂಬೆ, ಮತ್ತಿ, ಹೆಬ್ಬಲಸು ಇವುಗಳ ಕೆಚ್ಚು ಇಂಥ ಕೆಲಸಕ್ಕೆ ಆಗುತ್ತದೆ. ಹೊರಗಿನ ಬಿಳಿ ಭಾಗವನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಅದೇ ಒರಲೆಗೆ ಮೊದಲ ತುತ್ತು. ಸೇತುವೆಯ ಮರ ಒಳಗೆ ಟೊಳ್ಳಾಗಿದೆಯೇ ಎಂದು ತಿಳಿಯಲು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತೇವೆ. ಗಟ್ಟಿ ಮರ ಗಣಗಣ ಎನ್ನುತ್ತದೆ, ಟೊಳ್ಳು ಮರ ಡೋಲಿನಂತೆ ಸದ್ದು ಕೊಡುತ್ತದೆ. ಅನುಮಾನ ಬಂದರೆ ಸಣ್ಣ ಬೈರಿಗೆಯಿಂದ ಕೊರೆದು ಪುಡಿಯನ್ನು ನೋಡಬೇಕು. ಆರೋಗ್ಯವಾದ ಮರದಿಂದ ಒಣ ಸುರುಳಿ ಬರುತ್ತದೆ, ಕೊಳೆತದ್ದರಿಂದ ಕಪ್ಪು ಹಿಟ್ಟು. ಆಸ್ಟ್ರೇಲಿಯಾದ ಸೇತುವೆಗಳಲ್ಲಿಯೂ ಬಡಿದು, ಕೊರೆದು ನೋಡುವ ಕ್ರಮವೇ ಇದೆ ಎಂದು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಉತ್ತರ: ವರದಾಮೂಲ (ಶಿಕ್ಷಕಿ, ಸಾಗರ)

ಮರ ಬದಲಾದರೂ ಸೇತುವೆ ಹಳೆಯದೇ ಎಂಬ ಮಾತಿಗೆ ನಮ್ಮ ತೇರು ಒಳ್ಳೆಯ ಉದಾಹರಣೆ. ತೇರಿನ ಅಚ್ಚು ಸವೆದಾಗ ಅಚ್ಚು, ಗಾಲಿ ಬಿರಿದಾಗ ಗಾಲಿ ಬದಲಾಯಿಸುತ್ತಾರೆ. ಅಜ್ಜ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಿದ್ದಾನೆ ಎಂಬುದರಲ್ಲಿ ಊರಿನವರಾರಿಗೂ ಸಂಶಯ ಬರುವುದಿಲ್ಲ.

ಆದರೆ ಈ ವಾದವನ್ನು ತೀರ ದೂರ ಎಳೆಯಬಾರದು ಎಂದು ನನಗೆ ಅನ್ನಿಸುತ್ತದೆ. ಎಲ್ಲವನ್ನೂ ಬದಲಾಯಿಸಬಹುದು ಎಂದ ಮೇಲೆ, ಇನ್ನೂ ಬಾಳುವ ಮರವನ್ನೂ ಅನುಕೂಲಕ್ಕಾಗಿ ಕಿತ್ತು ಬಿಸಾಡುವ ಮನಸ್ಸು ಬರುತ್ತದೆ. ಬಾಚಿಯಿಂದ ಕೆತ್ತಿದ ಹಳೆಯ ತೊಲೆಯ ಮೇಲೆ ಕೆತ್ತಿದವನ ಕೈಯ ಗುರುತು ಇರುತ್ತದೆ. ಯಂತ್ರದಲ್ಲಿ ಕೊಯ್ದು ತಂದ ಮರದಲ್ಲಿ ಅದು ಇರುವುದಿಲ್ಲ. ಹಾಗಾಗಿ ಯಾವ ಮರ ಯಾವ ವರ್ಷದ್ದು ಎಂಬ ದಾಖಲೆ ಇಡಬೇಕು, ಉಳಿಯಬಲ್ಲ ಹಳೆಯ ಮರವನ್ನು ಉಳಿಸಬೇಕು, ಎರಕದ ಕಬ್ಬಿಣದ ತುಂಡುಗಳನ್ನು ಕಳೆಯಬಾರದು. ನ್ಯೂ ಸೌತ್ ವೇಲ್ಸ್‌ನ ರಸ್ತೆ ಇಲಾಖೆ 2012ರಲ್ಲಿ ಸಿದ್ಧಪಡಿಸಿದ ಸಂರಕ್ಷಣಾ ಯೋಜನೆಯಲ್ಲಿ 26 ಮರದ ಟ್ರಸ್ ಸೇತುವೆಗಳನ್ನು ಕಾಪಾಡಿಕೊಳ್ಳಲು ಆರಿಸಿಕೊಂಡಿತು. ಒಂದು ಕಾಲಕ್ಕೆ 400ಕ್ಕೂ ಹೆಚ್ಚು ಇದ್ದದ್ದನ್ನು ನೆನೆದರೆ ಈ ಸಂಖ್ಯೆ ಮನಸ್ಸಿಗೆ ನೋವುಂಟುಮಾಡುತ್ತದೆ. ಆದರೂ ಎಲ್ಲವನ್ನೂ ಅರ್ಧಂಬರ್ಧ ನೋಡಿಕೊಳ್ಳುವುದಕ್ಕಿಂತ, ಪ್ರತಿ ಮಾದರಿಯಲ್ಲೂ ಕೆಲವನ್ನು ಚೆನ್ನಾಗಿ ನೋಡಿಕೊಳ್ಳುವುದು ಸರಿಯಾದ ನಿರ್ಧಾರ.

ನಮ್ಮಲ್ಲಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ, ಹೊಳೆಗಳನ್ನು ದೋಣಿಯಲ್ಲಿ ದಾಟುತ್ತಿದ್ದೆವು, ಹಳ್ಳಗಳನ್ನು ಸಂಕದ ಮೇಲೆ ದಾಟುತ್ತಿದ್ದೆವು, ಗಟ್ಟಿ ಸೇತುವೆ ಬೇಕೆಂದಾಗ ಕೈಗೆ ಸಿಕ್ಕಿದ್ದು ಕಲ್ಲು ಎಂಬುದು ಒಂದು ಉತ್ತರ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಂತೆ ಕಲ್ಲಿನ ಕಂಬದ ಮೇಲೆ ಕಲ್ಲು ಹಾಸುವುದು ಈ ನಾಡಿಗೆ ಒಗ್ಗಿದ ವಿದ್ಯೆ. ತೀರ್ಥಹಳ್ಳಿಯಲ್ಲಿ ತುಂಗೆಯ ಮೇಲೆ ಕಮಾನಿನ ಸೇತುವೆ ಬಂತು. ಇನ್ನೊಂದು ಕಾರಣ ನಾವೇ. ನನ್ನ ತವರುಮನೆಯನ್ನು ಬಿಚ್ಚಿದಾಗ ಅದರ ಕೆತ್ತನೆಯ ಕಂಬಗಳು ದೂರದ ರೆಸಾರ್ಟ್ ಒಂದಕ್ಕೆ ಹೋದವು. ಆ ಕಂಬಗಳನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವರು ಆಗ ಊರಿನಲ್ಲಿ ಇನ್ನೂ ಇಬ್ಬರು ಇದ್ದರು. ನಾವು ಅವರನ್ನು ಕೇಳಲೇ ಇಲ್ಲ.

ಪ್ರತಿಕ್ರಿಯೆ: ಬಿದನೂರು ಸೀಮೆಯವ

ಮೂವರಿಗೂ ಕೃತಜ್ಞತೆಗಳು. ಅಕ್ಕಾ, ತಮ್ಮ ತವರುಮನೆಯ ಮಾತನ್ನು ಓದಿ ನಮ್ಮ ಹಳೆಯ ಕೊಟ್ಟಿಗೆಯನ್ನು ಮತ್ತೊಮ್ಮೆ ನೋಡಿ ಬಂದೆ. ಅದನ್ನು ಬಿಚ್ಚಿದಾಗ ಉಳಿಸಿಟ್ಟ ಮತ್ತಿಯ ತೊಲೆಗಳು ಆರು ಇವೆ. ಒಂದೊಂದೂ 14ರಿಂದ 18 ಅಡಿ ಉದ್ದವಿದೆ. ಸುತ್ತಿಗೆಯಿಂದ ಬಡಿದು ನೋಡಿದಾಗ ಐದು ಗಣಗಣ ಎಂದವು, ಒಂದು ಎನ್ನಲಿಲ್ಲ. ಹಳ್ಳದ ಅಗಲವನ್ನು ಅಳೆದೆ: ಕಲ್ಲಿನ ಕಟ್ಟೆಯಿಂದ ಕಟ್ಟೆಗೆ 32 ಅಡಿ. ಇಷ್ಟರಲ್ಲಿ ಟಿಲ್ಲರ್ ಅಥವಾ ಅಡಿಕೆ ಮೂಟೆಯ ಪಿಕಪ್ ಹೋಗುವ ಸೇತುವೆ ಆದೀತೇ?

ಉತ್ತರ: ತುಂಗಾತೀರ (ನಿವೃತ್ತ ಅಭಿಯಂತರ, ಶಿವಮೊಗ್ಗ)

ಮಾನ್ಯರೇ, 32 ಅಡಿಗೆ ಅಲನ್ ಮಾದರಿಯ ಅಗತ್ಯವಿಲ್ಲ. ಎರಡು ನಿಲುವುಗಳ, ಎರಡು ಓರೆ ತೊಲೆಗಳ ಕ್ವೀನ್ ಪೋಸ್ಟ್ ಟ್ರಸ್ ಸಾಕು. ಅಂಥದ್ದನ್ನು ದಾರಿಯ ಎರಡು ಬದಿಗೂ ನಿಲ್ಲಿಸಿ ನಡುವೆ ಅಡ್ಡತೊಲೆ ಹಾಕಬೇಕು. ಜನರು, ದನಕರು, ಕೈಗಾಡಿ ಹೋಗುವಂಥ ಸೇತುವೆಗೆ ತಮ್ಮ ಮತ್ತಿಯ ಮರಗಳು ಮೇಲಿನ ಮತ್ತು ಓರೆಯ ತೊಲೆಗಳಾಗಿ ಒದಗಬಹುದು. ಕೆಳಗಿನ ತೊಲೆಯನ್ನು ಮಾತ್ರ ಮರದ ತುಂಡುಗಳನ್ನು ಸೇರಿಸಿ ಮಾಡಬೇಡಿ. ಡೇರ್ ಅವರು ಮಾಡಿದಂತೆ ಅಲ್ಲಿ ಉಕ್ಕನ್ನೇ ಬಳಸುವುದು ಕ್ಷೇಮ. ಪಿಕಪ್ ಮತ್ತು ಟಿಲ್ಲರ್‌ಗಳ ಮಾತು ಬೇರೆ. ಸ್ಥಳಕ್ಕೆ ಬಂದು, ಮರವನ್ನೂ ಕಟ್ಟೆಯನ್ನೂ ಪರೀಕ್ಷಿಸಿ, ಲೆಕ್ಕ ಹಾಕಿ ಸಹಿ ಮಾಡುವ ಅಭಿಯಂತರರಿಲ್ಲದೆ ವಾಹನವನ್ನು ಅದರ ಮೇಲೆ ಹತ್ತಿಸಬಾರದು. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ.

ಹೊಸ ಮರ ಬೇಕಾದರೆ, ತೋಟದ್ದೇ ಆಗಿದ್ದರೂ, ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗುತ್ತದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ. ಮರಕ್ಕೆ ಔಷಧಿ ಹಾಕಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ: ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ, ಅದು ಜಗತ್ತಿನಾದ್ಯಂತ ಬಳಕೆಗೆ ಬಂತು, ಆದರೆ ಅದರಲ್ಲಿ ಆರ್ಸೆನಿಕ್ ಇರುವುದರಿಂದ ದನಗಳು ನೀರು ಕುಡಿಯುವ ಹಳ್ಳದ ಮೇಲೆ ಅದು ಬೇಡ. ಉಳಿ ಬೈರಿಗೆಯವರು ಹೇಳಿದ ಮಾಡೇ ತಮಗೆ ಉತ್ತಮ ಔಷಧಿ. ನಟ್ಟುಗಳನ್ನು ಪ್ರತಿ ವರ್ಷ ಜನವರಿಯ ನಂತರ, ಮರ ಪೂರ್ತಿ ಒಣಗಿದ ಮೇಲೆ ಬಿಗಿ ಮಾಡಿರಿ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ನೀರಿನ ಅಳತೆ. ಮರದ ಸೇತುವೆಯನ್ನು ನೆರೆಯ ನೀರಿಗಿಂತಲೂ ಹೆಚ್ಚಾಗಿ ಕೆಡಹುವುದು ಆ ನೀರಿನಲ್ಲಿ ತೇಲಿ ಬಂದು ಬಡಿಯುವ ದಿಮ್ಮಿಗಳು. ಆದ್ದರಿಂದ ಸೇತುವೆಯ ತಳ ನೆರೆಯ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಈ ಮಳೆಗಾಲದಲ್ಲಿ ಹಳ್ಳ ತುಂಬಿದಾಗಲೆಲ್ಲ ಕಟ್ಟೆಯ ಕಲ್ಲಿನ ಮೇಲೆ ನೀರಿನ ಮಟ್ಟವನ್ನು ಬಣ್ಣದಲ್ಲಿ ಗುರುತಿಸಿ, ದಿನಾಂಕ ಬರೆದಿಡಿ. ಆಶ್ಲೇಷಾ ಮಳೆ ಕಳೆದ ಮೇಲೆ ಆ ಅಳತೆಗಳನ್ನೂ ಐದು ತೊಲೆಗಳ ದಪ್ಪ ಮತ್ತು ಉದ್ದಗಳನ್ನೂ ಇಲ್ಲಿ ಹಾಕಿದರೆ, ಮೊದಲ ರೇಖಾಚಿತ್ರವನ್ನು ನಾನು ಬರೆದುಕೊಡುತ್ತೇನೆ.

ಉತ್ತರ: ಉಳಿ ಬೈರಿಗೆ (ತೀರ್ಥಹಳ್ಳಿ)

ಸದ್ದು ಕೊಡದ ಆ ಆರನೆಯ ತೊಲೆಯನ್ನು ಬಿಸಾಡಬೇಡಿ. ಎರಡೂ ತುದಿಯಿಂದ ಒಂದೊಂದು ಅಡಿ ಕೊಯ್ದು ತೆಗೆದು ಮತ್ತೆ ಬಡಿದು ನೋಡಿ; ಎಷ್ಟೋ ಸಲ ಕೊಳೆತಿರುವುದು ತುದಿ ಮಾತ್ರ. ರೇಖಾಚಿತ್ರ ಸಿದ್ಧವಾದ ಮೇಲೆ ತಿಳಿಸಿರಿ, ಉಳಿ ಬಾಚಿ ಹಿಡಿದು ನಾನೇ ಬರುತ್ತೇನೆ.